ಅಮ್ಮ ಯಾವ ಕಾಲಂ, ಮೇಡಂ?

ಡಿಗ್ರಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತೇನೆ. 'ಮೇಡಂ, ನೋಟ್ಸ್ ಕೊಡ್ತೀರಾ?' ಎಂಬುದು ವರ್ಷದ ಮೊದಲ ಪ್ರಶ್ನೆ. ಕೊಡುತ್ತೇನೆ, ಪರೀಕ್ಷೆ ಇದೆಯಲ್ಲ. ಆದರೆ ಪಾಠ ಶುರು ಮಾಡುವುದು ಜಿಲ್ಲಾ ಜನಗಣತಿ ಕೈಪಿಡಿಯಿಂದ.

ಜನಗಣತಿಯ ಜಾಲತಾಣದಲ್ಲಿ ಇದು ಪುಕ್ಕಟೆ ಸಿಗುತ್ತದೆ. ಒಂದೊಂದು ಊರಿನಲ್ಲಿ ಮನೆಗಳೆಷ್ಟು, ಓದುಬರಹ ಬಲ್ಲವರೆಷ್ಟು, ಯಾರು ಯಾವ ದುಡಿಮೆಯಲ್ಲಿದ್ದಾರೆ, ಎಲ್ಲ ಇದೆ. ಇಂಗ್ಲಿಷಿನಲ್ಲಿರುವುದರಿಂದ ಕಾಲಂ ಹೆಸರುಗಳನ್ನು ಬೋರ್ಡಿನ ಮೇಲೆ ಕನ್ನಡದಲ್ಲಿ ಬರೆಯುತ್ತೇನೆ. ಪ್ರತಿಯೊಬ್ಬರೂ ತಮ್ಮ ಊರಿನ ಸಾಲು ಹುಡುಕಬೇಕು. ಊರಿನ ಹೆಸರು ಅಚ್ಚಿನಲ್ಲಿ ಕಂಡರೆ ಕೊನೇ ಬೆಂಚಿನವರೂ ಎದ್ದು ಬರುತ್ತಾರೆ.

ಮೊದಲು ಲಿಂಗಾನುಪಾತ. 2011ರ ಗಣತಿಯಲ್ಲಿ ಕರ್ನಾಟಕದಲ್ಲಿ ಸಾವಿರ ಗಂಡಸರಿಗೆ 973 ಹೆಂಗಸರು. ಉಡುಪಿಯಲ್ಲಿ 1094, ಬೆಂಗಳೂರು ನಗರ ಜಿಲ್ಲೆಯಲ್ಲಿ 916. ಇಷ್ಟು ಬರೆದು ಸುಮ್ನೆ ನಿಲ್ಲುತ್ತೇನೆ. 'ಉಡುಪಿಯವರು ಹೆಣ್ಣುಮಕ್ಕಳನ್ನ ಚೆನ್ನಾಗಿ ನೋಡ್ಕೊಳ್ತಾರೆ' ಎನ್ನುತ್ತಾರೆ. ಓದಿಕೊಂಡವರು ಅಳಿಯಕಟ್ಟು, ಅಂದರೆ ಆಸ್ತಿ ತಾಯಿಯ ಕಡೆಯಿಂದ ಇಳಿದು ಬರುವ ಪದ್ಧತಿ, ಕಾರಣ ಎನ್ನುತ್ತಾರೆ. ಆಗ ಆರು ವರ್ಷದವರೆಗಿನ ಮಕ್ಕಳ ಲೆಕ್ಕ ತೋರಿಸುತ್ತೇನೆ. ಅಲ್ಲಿ ಉಡುಪಿಯಲ್ಲೂ ಗಂಡುಮಕ್ಕಳೇ ಜಾಸ್ತಿ. ಪ್ರಕೃತಿಯಲ್ಲೇ ಸಾವಿರ ಗಂಡುಮಕ್ಕಳಿಗೆ ಹುಟ್ಟುವ ಹೆಣ್ಣುಮಕ್ಕಳು 950ರ ಆಸುಪಾಸು, ಇದನ್ನೂ ಹೇಳಿಬಿಡುತ್ತೇನೆ. ಹಾಗಾದರೆ ದೊಡ್ಡವರಲ್ಲಿ ಗಂಡಸರು ಎಲ್ಲಿ ಹೋದರು? ಮುಂಬೈ, ದುಬೈ, ಬೆಂಗಳೂರು ಅಂತ ಕ್ಲಾಸೇ ಉತ್ತರ ಹೇಳುತ್ತದೆ. ವಲಸೆಯ ಪಾಠ ಅಲ್ಲಿಂದ ಶುರು.

ನನಗೆ ಇದಕ್ಕಿಂತ ಇಷ್ಟ ದುಡಿಮೆಯ ಕಾಲಂ. ವರ್ಷದಲ್ಲಿ ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ದುಡಿದರೆ ಮುಖ್ಯ ಕೆಲಸಗಾರರು. ಮನೆಯವರಿಗಾಗಿ ಅಡುಗೆ ಮಾಡುವುದು, ಮಕ್ಕಳನ್ನು ನೋಡಿಕೊಳ್ಳುವುದು ಲೆಕ್ಕಕ್ಕಿಲ್ಲ. ಕೂಲಿಯಿಲ್ಲದೆ ಸ್ವಂತ ಹೊಲದಲ್ಲಿ ಗೇದರೆ ಲೆಕ್ಕಕ್ಕಿದೆ. ನಿಮ್ಮ ಅಮ್ಮನ ಒಂದು ದಿನ ಬರೆದು ತನ್ನಿ, ಯಾವ ಕಾಲಂಗೆ ಸೇರಿಸುತ್ತೀರಿ ಹೇಳಿ ಎನ್ನುತ್ತೇನೆ. ಒಬ್ಬಳು ಬರೆದಿದ್ದಳು: 'ಎಮ್ಮೆಗೆ ಹುಲ್ಲು ತರೋದು, ಹಾಲು ಕರೆಯೋದು ಅಮ್ಮ. ಡೈರಿ ಪಾಸ್‌ಬುಕ್ ಅಪ್ಪನ ಹೆಸರಲ್ಲಿದೆ. ಅಮ್ಮ ಯಾವ ಕಾಲಂ, ಮೇಡಂ?' ನಿಯಮ ನೋಡಿದರೆ ಅವಳಮ್ಮ ಕೆಲಸಗಾರ್ತಿಯೇ. ಆದರೆ ಗಣತಿಯವರು ಬಂದಾಗ ಜಗಲಿಯಲ್ಲಿ ಕೂತ ಅಪ್ಪ 'ಅವಳು ಮನೇಲೇ ಇರ್ತಾಳೆ' ಅಂದುಬಿಟ್ಟರೆ ಲೆಕ್ಕ ತಪ್ಪುತ್ತದೆ, ಅಲ್ವಾ? ಅಂಕಿಅಂಶ ಹೇಗೆ ಹುಟ್ಟುತ್ತದೆ ಎಂಬುದು ಯಾವ ಗೈಡ್‌ನಲ್ಲೂ ಇರುವುದಿಲ್ಲ.

ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರ 'ಪ್ರಬಲ ಜಾತಿ'ಯ ಪಾಠ ತೆಗೆಯುವುದು ಇದಾದ ಮೇಲೆ. ಜಮೀನು, ಜನಬಲ, ಅಧಿಕಾರದಿಂದ ಊರಿನಲ್ಲಿ ಮೇಲುಗೈ ಇರುವ ಜಾತಿ ಅದು. ಮೈಸೂರು ಸೀಮೆಯ ಒಂದು ಹಳ್ಳಿಗೆ ರಾಮಪುರ ಎಂದು ಬೇರೆ ಹೆಸರಿಟ್ಟು, 1948ರಲ್ಲಿ ಅಲ್ಲೇ ಉಳಿದು ಕಂಡದ್ದನ್ನು ಅವರು ಬರೆದರು. ಹುಡುಗರಿಗೂ ಊರಿನ, ಜನರ ಹೆಸರು ಬದಲಿಸಿಯೇ ಬರೆಯಲು ಹೇಳುತ್ತೇನೆ. ಮನೆ ಬಾಗಿಲಲ್ಲಿ ನಿಂತು ಜಾತಿ ಕೇಳಬೇಡಿ ಎನ್ನುತ್ತೇನೆ. 2011ರ ಕೈಪಿಡಿಯಲ್ಲೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಬಿಟ್ಟರೆ ಉಳಿದವರ ಜಾತಿಲೆಕ್ಕ ಇಲ್ಲ. ನೀರಾವರಿ ಜಮೀನು ಯಾರದು, ಸೊಸೈಟಿ ಅಧ್ಯಕ್ಷರು ಯಾರು, ಜಗಳವಾದರೆ ಯಾರ ಮನೆಗೆ ಹೋಗುತ್ತಾರೆ, ಇಷ್ಟು ಕೇಳಿದರೆ ಸಾಕು. ಪ್ರಬಲ ಜಾತಿ ಯಾವುದು ಅಂತ ಅವರಿಗೇ ತಿಳಿಯುತ್ತದೆ.