ಕ್ರಿಸ್‌ಮಸ್‌ಗೆ ಇನ್ನೂ ನಾಲ್ಕು ವಾರ ಇದೆ, ಸ್ವಲ್ಪ ತಡೀರಿ

ನವೆಂಬರ್ ಮುಗಿಯುವ ಮೊದಲೇ ಬೆಳಗಾವಿಯ ಕ್ಯಾಂಪ್ ಕಡೆ ಅಂಗಡಿಗಳಲ್ಲಿ ಕಾಗದದ ನಕ್ಷತ್ರಗಳು ತೂಗಾಡುತ್ತವೆ. ಮಕ್ಕಳು ಇವತ್ತೇ ತಗೊಂಡು ಹೋಗಿ ಹಚ್ಚೋಣ ಅಂತ ಹಟ ಹಿಡಿಯುತ್ತಾರೆ. ಬೇಡ, ತಡೀರಿ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ರವಿವಾರಗಳು ಆಗಮನ ಕಾಲ, ಅದು ಕಾಯುವ ಕಾಲ. ಹಬ್ಬವನ್ನು ಈಗಲೇ ಮಾಡಿ ಮುಗಿಸಿದರೆ ಡಿಸೆಂಬರ್ 25ಕ್ಕೆ ಏನೂ ಉಳಿದಿರಲ್ಲ, ಅಲ್ವಾ? ನಮ್ಮ ಮನೆಯಲ್ಲಿ ಮಾಡುವುದನ್ನು ಬರೆಯುತ್ತೇನೆ, ಹೊಂದುವುದನ್ನು ತಗೊಳ್ಳಿ.

ಮೊದಲು ತಾರೀಕು. ನವೆಂಬರ್ 30ಕ್ಕೆ ಸಂತ ಅಂದ್ರೇಯರ ಹಬ್ಬ, ಅದಕ್ಕೆ ಹತ್ತಿರದ ರವಿವಾರ ಯಾವುದೋ ಅದೇ ಮೊದಲ ರವಿವಾರ. 2026ರಲ್ಲಿ ಅದು ನವೆಂಬರ್ 29. ಚರ್ಚಿನ ಹೊಸ ವರ್ಷವೂ ಅವತ್ತೇ ಶುರು. ರವಿವಾರಕ್ಕೊಂದರಂತೆ ನಾಲ್ಕು ಮೇಣದಬತ್ತಿ ಹಚ್ಚುತ್ತೇವೆ. 25 ಸೋಮವಾರ ಬಿದ್ದರೆ ಮಾತ್ರ ಗಡಿಬಿಡಿ, ನಾಲ್ಕನೇ ರವಿವಾರ 24ಕ್ಕೇ ಬರುತ್ತದೆ. 2023ರಲ್ಲಿ ಹಾಗೇ ಆಗಿ, ಬೆಳಿಗ್ಗೆ ನಾಲ್ಕನೇ ಮೇಣದಬತ್ತಿ ಹಚ್ಚಿ ರಾತ್ರಿ ಹಬ್ಬದ ಪೂಜೆಗೆ ಓಡಿದ್ದೆವು.

ಮೇಣದಬತ್ತಿ ಮೂರು ನೇರಳೆ, ಒಂದು ಗುಲಾಬಿ. ಗುಲಾಬಿ ಮೂರನೇ ರವಿವಾರಕ್ಕೆ, ಅದು ಸಂತೋಷದ ರವಿವಾರ. ಬಣ್ಣದ್ದು ಸಿಗದಿದ್ದರೆ ಬಿಳಿ ಮೇಣದಬತ್ತಿಯ ಬುಡಕ್ಕೆ ಬಣ್ಣದ ರಿಬ್ಬನ್ ಕಟ್ಟಿ, ಸಾಕು. ಕೆಳಗೆ ನಾನು ಗುಳೇದಗುಡ್ಡದ ನೇರಳೆ ಖಣ ಹಾಸುತ್ತೇನೆ. ಸುತ್ತ ಮಾವಿನ ಹಸಿ ಎಲೆ ಇಡಿ. ಹಸಿ ಎಲೆ ಅಂದೆ, ಒಣಗಿದ್ದಲ್ಲ. ಒಂದು ವರ್ಷ ಚಂದ ಕಾಣುತ್ತದೆ ಅಂತ ಕಬ್ಬಿನ ರವದಿ, ಅದೇ ಒಣ ಸೋಗೆ, ತಂದು ಸುತ್ತಿದ್ದೆ. ಎರಡನೇ ರವಿವಾರ ಜಪಸರದ ಪ್ರಾರ್ಥನೆ ನಡೆದಿತ್ತು, ಒಂದು ಮೇಣದಬತ್ತಿ ಮೆಲ್ಲಗೆ ವಾಲಿ ರವದಿಗೆ ತಾಗಿತು, ಭಗ್ ಅಂತ ಹತ್ತಿಕೊಂಡಿತು. ಅವ್ವ ಕೂತಲ್ಲಿಂದಲೇ ಒಂದು ತಂಬಿಗೆ ನೀರು ಸುರಿದಳು, ಪ್ರಾರ್ಥನೆ ಮಾತ್ರ ನಿಲ್ಲಿಸಲಿಲ್ಲ. ಖಣದ ಅಂಚಿನಲ್ಲಿ ಸುಟ್ಟ ಕಲೆ ಈಗಲೂ ಇದೆ. ಅದಕ್ಕೇ ಹೇಳಿದ್ದು, ಸ್ಟೀಲ್ ತಟ್ಟೆಗೆ ಮರಳು ಹಾಕಿ ಅದರಲ್ಲಿ ಗಟ್ಟಿಯಾಗಿ ನಿಲ್ಲಿಸಿ.

ರಾತ್ರಿ ಊಟಕ್ಕೆ ಮುಂಚೆ ಹಚ್ಚಿ, ಅವತ್ತಿನ ಸುವಾರ್ತೆಯನ್ನು, ಅಂದರೆ ಬೈಬಲಿನಲ್ಲಿ ಯೇಸುವಿನ ಕಥೆಯ ಭಾಗವನ್ನು, ಒಬ್ಬರು ಓದಲಿ. ಅತ್ತೆಯವರದು ಕೊಂಕಣಿ, ನಮ್ಮದು ಕನ್ನಡ, ಒಮ್ಮೊಮ್ಮೆ ಬರುವ ಪಕ್ಕದ ಮನೆಯವರದು ಮರಾಠಿ. ವಾರಕ್ಕೊಂದು ಭಾಷೆ ಅಂತ ಮಾಡಿಕೊಂಡಿದ್ದೇವೆ. ಗಡಿ ಜಗಳ ಟಿವಿಯಲ್ಲೇ ಇರಲಿ.

ಟಿವಿ ಅಂದ ಮೇಲೆ ಇನ್ನೊಂದು ಮಾತು. ಡಿಸೆಂಬರ್ ಅಂದರೆ ನಮ್ಮೂರಲ್ಲಿ ಅಧಿವೇಶನವೂ ಹೌದು, ಧರಣಿ, ಕಬ್ಬಿನ ದರ, ಪೊಲೀಸ್ ಬಂದೋಬಸ್ತ್ ಎಲ್ಲಾ ಇರುತ್ತದೆ. ಮತಾಂತರ ತಡೆ ಮಸೂದೆ ವಿಧಾನಸಭೆಯಲ್ಲಿ ಪಾಸಾಗಿದ್ದೂ ಇಲ್ಲಿಯ ಸುವರ್ಣ ವಿಧಾನಸೌಧದಲ್ಲೇ, 2021ರ ಡಿಸೆಂಬರ್ 23ರಂದು, ಹಬ್ಬಕ್ಕೆ ಎರಡೇ ದಿನ ಇರುವಾಗ. ಆ ವರ್ಷ ಅಕ್ಕಪಕ್ಕದವರಿಗೆ ಕುಲ್‌ಕುಲ್, ನೇವ್ರಿಯಂಥ ಹಬ್ಬದ ತಿಂಡಿ ಹಂಚಲೂ, ಮತಾಂತರದ ಆಮಿಷ ಅಂದಾರು ಅಂತ, ನಮ್ಮವರೇ ಕೆಲವರು ಹಿಂದೆಮುಂದೆ ನೋಡಿದರು. ನನ್ನನ್ನು ಕೇಳಿದರೆ, ಹಂಚಿ. ಎಳ್ಳ ಅಮವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಕರೆದು ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಬಡಿಸುವವರಿಗೆ ಒಂದು ತಟ್ಟೆ ನೇವ್ರಿ ಕೊಡಲು ಅಂಜಿಕೆ ಯಾಕೆ? ಕಾನೂನಿನ ಬಗ್ಗೆ ತಕರಾರಿದ್ದರೆ ಅದನ್ನು ಪೂರ್ತಿ ಓದಿ, ಹೆಸರು ಹಾಕಿ ನಿಮ್ಮ ಶಾಸಕರಿಗೆ ಬರೆಯಿರಿ. ಸುಮ್ನೆ ವಾಟ್ಸಾಪ್ ಫಾರ್ವರ್ಡ್ ಮಾಡಿದರೆ ಬಿಪಿ ಏರುತ್ತದೆ, ಅಷ್ಟೇ.

ಲೂಕನ ಸುವಾರ್ತೆಯ ಮೂರನೇ ಅಧ್ಯಾಯವನ್ನು ಈ ಕಾಲದಲ್ಲಿ ಒಮ್ಮೆ ಓದಲೇಬೇಕು. ನಾವೇನು ಮಾಡಬೇಕು ಅಂತ ಜನ ಕೇಳಿದರೆ ಯೇಸುವಿಗೆ ದಾರಿ ಸಿದ್ಧಮಾಡಿದ ಸ್ನಾನಿಕ ಯೊವಾನ್ನ ದೊಡ್ಡ ದೊಡ್ಡ ಮಾತು ಹೇಳಲ್ಲ. ಎರಡು ಅಂಗಿ ಇದ್ದವರು ಇಲ್ಲದವರಿಗೆ ಒಂದು ಕೊಡಿ ಅನ್ನುತ್ತಾನೆ. ಸುಂಕದವರಿಗೆ, ಗೊತ್ತುಪಡಿಸಿದ್ದಕ್ಕಿಂತ ಜಾಸ್ತಿ ವಸೂಲಿ ಮಾಡಬೇಡಿ. ಸೈನಿಕರಿಗೆ, ಹೆದರಿಸಿ ದುಡ್ಡು ಕೀಳಬೇಡಿ, ಸಂಬಳ ಸಾಕು ಅನ್ನಿ. ಎಲ್ಲಾ ಆಫೀಸು, ಠಾಣೆಯ ಮಾತೇ! ಸರ್ಕಾರಿ ನೌಕರಿಯಲ್ಲಿದ್ದರೆ ಯಾರೋ ಬಡವರು ಅಲೆಯುತ್ತಿರುವ ಒಂದು ಫೈಲನ್ನು 24ರ ಒಳಗೆ ಮುಗಿಸಿಕೊಡಿ. ಗುರುಗಳ ಹತ್ತಿರ ತಪ್ಪು ಒಪ್ಪಿಕೊಳ್ಳುವ ಪಾಪನಿವೇದನೆಗೂ ಕೊನೇ ದಿನದ ಸಾಲಿನಲ್ಲಿ ನಿಲ್ಲಬೇಡಿ, ಎರಡನೇ ವಾರವೇ ಹೋಗಿ ಬನ್ನಿ.

ಅಂಗಿಯ ಮಾತಿಗೆ ಬಂದರೆ, ಈಗ ಕಬ್ಬು ಕಡಿಯುವ ಗ್ಯಾಂಗ್‌ಗಳು ಹೊಲದ ಬದಿಯಲ್ಲೇ ಜೋಪಡಿ ಹಾಕಿಕೊಂಡಿರುತ್ತವೆ, ಚಳಿಯೂ ಜಾಸ್ತಿ. ಒಮ್ಮೆ ನಾವು ಚಾದರದ ಗಂಟು ಹೊತ್ತು ಹೋದಾಗ ಒಬ್ಬ ಅಕ್ಕ ನಕ್ಕು, ‘ಚಾದರ ಐತ್ರಿ, ಮ್ಯಾಲೆ ಹಾಕಾಕ ತಾಡಪತ್ರಿ ಇಲ್ಲ’ ಅಂದರು. ಮೊದಲು ಕೇಳಿ, ಆಮೇಲೆ ಕೊಳ್ಳಿ. ಕೊಡುವಾಗ ಕರಪತ್ರವೂ ಬೇಡ, ಫೋಟೊವೂ ಬೇಡ.

ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಅಲಂಕಾರಕ್ಕೆ, ಥರ್ಮಾಕೋಲ್ ತರಬೇಡಿ. 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಸಂತ ಫ್ರಾನ್ಸಿಸ್ ಹುಲ್ಲು ಹಾಸಿ, ನಿಜವಾದ ಎತ್ತು ಕತ್ತೆಯನ್ನೇ ತರಿಸಿದ್ದರು. ನಮಗೆ ಜೋಳದ ಕಣಕಿ ಇದೆ, ಕುರಿ ಕಾಯುವವರ ಬೊಂಬೆಗೆ ಹೊದಿಸಲು ಕಂಬಳಿ ತುಂಡಿದೆ. 15ರ ಸುಮಾರಿಗೆ ಅಗಲ ತಟ್ಟೆಯಲ್ಲಿ ಗೋಧಿ ಚೆಲ್ಲಿ ದಿನಾ ನೀರು ಚಿಮುಕಿಸಿದರೆ 24ಕ್ಕೆ ಹಸಿರು ಹುಲ್ಲು ರೆಡಿ. ಕೊಟ್ಟಿಗೆ, ದನ, ಕುರಿ ಎಲ್ಲಾ ಮೊದಲೇ ಇಡಿ, ಬಾಲಯೇಸುವನ್ನು ಮಾತ್ರ 24ರ ರಾತ್ರಿ ಪೂಜೆ ಮುಗಿಸಿ ಬಂದ ಮೇಲೆ. ಅಲ್ಲಿಯವರೆಗೆ ಬೊಂಬೆ ಎಲ್ಲಿಟ್ಟಿದ್ದೀರಿ ಅಂತ ಬರೆದಿಟ್ಟುಕೊಳ್ಳಿ. ನಮ್ಮದು ಒಂದು ವರ್ಷ ಸಿಕ್ಕಿದ್ದು ಸಂಕ್ರಾಂತಿಗೆ, ಎಳ್ಳಿನ ಡಬ್ಬಿಯಲ್ಲಿ.