ಅಕಾಲದಲ್ಲಿ ಅಗಲಿದ ಅಪ್ಪನ ಬದುಕನ್ನು ಮಕ್ಕಳಿಗಾಗಿ ಕೂಡಿಡುವುದು ಹೇಗೆ

ನನ್ನ ಅಣ್ಣ ಹೃದಯಾಘಾತದಿಂದ ತೀರಿಕೊಂಡಾಗ ಅವನಿಗೆ 38 ವರ್ಷ. ಮಗಳಿಗೆ ಆರು ವರ್ಷವಾಗಿತ್ತು, ಮಗನಿಗೆ ಇನ್ನೂ ಎರಡು ತುಂಬಿರಲಿಲ್ಲ. ನಾಲ್ಕು ವರ್ಷ ಕಳೆದ ಮೇಲೆ ಒಂದು ಸಂಜೆ ಮಗಳು ನನ್ನ ಪಕ್ಕ ಬಂದು ಕುಳಿತು, "ಚಿಕ್ಕಪ್ಪ, ಅಪ್ಪ ಜೋರಾಗಿ ನಗ್ತಿದ್ರಾ?" ಎಂದು ಕೇಳಿದಳು. ಗೋಡೆಯ ಮೇಲೆ ಹಾರ ಹಾಕಿದ ಪಟದಲ್ಲಿ ಅಣ್ಣ ಬಾಯಿ ಮುಚ್ಚಿಕೊಂಡು ನೇರವಾಗಿ ನೋಡುತ್ತಿದ್ದ. ಮಕ್ಕಳ ಪಾಲಿಗೆ ನಾವು ಉಳಿಸಿದ್ದು ಆ ಪಟವೊಂದನ್ನೇ ಎಂಬುದು ನನಗೆ ಅರಿವಾದದ್ದು ಆಗ. ಇಂಥದೇ ದುಃಖದಲ್ಲಿರುವ ಮನೆಗಳವರು ನಮ್ಮಷ್ಟು ತಡಮಾಡಬಾರದೆಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ಮೊದಲ ಕೆಲಸ ಮೊಬೈಲಿನದು, ಏಕೆಂದರೆ ಎಲ್ಲಕ್ಕಿಂತ ಬೇಗ ಕೈತಪ್ಪುವುದು ಅದರಲ್ಲಿರುವುದೇ. ಫೋನನ್ನು ರೀಸೆಟ್ ಮಾಡಿ ಬೇರೆಯವರ ಬಳಕೆಗೆ ಕೊಡಬೇಡಿ. ಪ್ಯಾಟರ್ನ್ ಗೊತ್ತಿಲ್ಲದಿದ್ದರೆ ಮೇಲಿಂದ ಮೇಲೆ ಊಹಿಸಿ ಒತ್ತಲೂ ಬೇಡಿ. ಪ್ರೀಪೇಯ್ಡ್ ಸಿಮ್ಮನ್ನು ಸತತ 90 ದಿನ ಬಳಸದಿದ್ದರೆ ಅದು ಸ್ಥಗಿತಗೊಳ್ಳಬಹುದು, ಆಮೇಲೆ ಆ ಸಂಖ್ಯೆ ಬೇರೊಬ್ಬರ ಪಾಲಾಗುತ್ತದೆ. ಆದ್ದರಿಂದ ಒಂದು ವರ್ಷದ ಮಟ್ಟಿಗಾದರೂ ರೀಚಾರ್ಜ್ ಮಾಡಿಸುತ್ತಿರಿ. ವಾಟ್ಸ್ಆ್ಯಪ್ ಖಾತೆ ಸಾಮಾನ್ಯವಾಗಿ 120 ದಿನ ಬಳಕೆಯಲ್ಲಿಲ್ಲದಿದ್ದರೆ ಅಳಿಸಿಹೋಗುತ್ತದೆ. ಎರಡು ವರ್ಷ ಯಾರೂ ತೆರೆಯದ ಗೂಗಲ್ ಖಾತೆಯನ್ನೂ, ಅದರಲ್ಲಿರುವ ಫೋಟೊಗಳ ಸಮೇತ, ಕಂಪನಿ ಅಳಿಸಬಹುದು. ಅವರ ಫೋನು ತೆರೆಯದಿದ್ದರೂ ಧೃತಿಗೆಡಬೇಡಿ. ಅವರು ಕಳಿಸಿದ ಧ್ವನಿಸಂದೇಶಗಳು ಹೆಂಡತಿಯ, ತಮ್ಮನ, ಗೆಳೆಯರ ಫೋನುಗಳಲ್ಲಿ ಉಳಿದಿರುತ್ತವೆ. ಅವನ್ನು ಒಂದೊಂದಾಗಿ ಕೇಳಿಸಿಕೊಂಡು, ದಿನಾಂಕವನ್ನೇ ಹೆಸರಾಗಿಟ್ಟು, ಎರಡು ಬೇರೆ ಬೇರೆ ಕಡೆ ನಕಲು ಮಾಡಿಡಿ. ಅಣ್ಣನ ನಗು ನಮಗೆ ಸಿಕ್ಕಿದ್ದು ಅತ್ತಿಗೆಯ ಹಳೆಯ ಫೋನಿನಲ್ಲಿ. "ಪುಟ್ಟಿ ಊಟ ಮಾಡಿದ್ಲಾ?" ಎಂದು ಕೇಳುವ ಸಂದೇಶದ ಕೊನೆಗೆ, ಹಿಂದಿನಿಂದ ಯಾರೋ ಏನೋ ಅಂದದ್ದಕ್ಕೆ ಅವನು ನಕ್ಕಿದ್ದಾನೆ. ಎರಡು ಸೆಕೆಂಡೂ ಇಲ್ಲ. ಮಗಳು ಅದನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿದಳು.

ಅಚ್ಚಾದ ಫೋಟೊಗಳ ಹಿಂದೆ ಬಾಲ್‌ಪೆನ್ನಿನಿಂದ ಬರೆದರೆ ಒತ್ತು ಮುಂಬದಿಗೆ ಮೂಡುತ್ತದೆ. ಮೆತ್ತನೆಯ ಪೆನ್ಸಿಲಿನಲ್ಲಿ ಊರು, ವರ್ಷ ಮತ್ತು ಎಡದಿಂದ ಬಲಕ್ಕೆ ನಿಂತವರ ಹೆಸರು ಬರೆಯಿರಿ. ಅಂಟಿನ ಹಾಳೆಗಳ ಆಲ್ಬಮ್ ಚಿತ್ರಗಳನ್ನು ಕೆಡಿಸುತ್ತದೆ, ಅದು ಬೇಡ. ತಿಥಿಯಾದ ಕೂಡಲೇ ಬಟ್ಟೆಗಳನ್ನೆಲ್ಲ ಕೊಟ್ಟುಬಿಡುವ ಮನೆಗಳಲ್ಲಿ, ಅವರು ದಿನಾ ತೊಡುತ್ತಿದ್ದ ಒಂದು ಅಂಗಿಯನ್ನಾದರೂ ಎತ್ತಿಡಿ. ಆಸ್ಪತ್ರೆಯ ಕಾಗದಗಳನ್ನು ನೋಡಲಾಗದೆಂದು ಹರಿದು ಹಾಕಬೇಡಿ. ತಂದೆಗೆ 55 ವರ್ಷದೊಳಗೆ ಹೃದ್ರೋಗ ಬಂದಿದ್ದರೆ ವೈದ್ಯರು ಅದನ್ನು ಮಕ್ಕಳ ವಿಷಯದಲ್ಲೂ ಗಮನಿಸುತ್ತಾರೆ. ಬೆಳೆದ ಮಕ್ಕಳಿಗೆ ಆ ಕಾಗದಗಳು ಬೇಕಾಗುತ್ತವೆ.

ಇನ್ನು ಮಾತಿನ ಸಂಗ್ರಹ. ಇದೇ ಈ ಕೆಲಸದ ಜೀವ, ಮತ್ತು ಇಲ್ಲಿಯೇ ನಾವು ಬಹಳಷ್ಟು ತಪ್ಪುವುದು. "ಅವರು ಹೇಗಿದ್ದರು?" ಎಂದು ಕೇಳಿದರೆ ಎಲ್ಲರೂ "ದೇವರಂಥ ಮನುಷ್ಯ" ಎನ್ನುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಅದರ ಬದಲು ಡಬ್ಬಿಗೆ ಏನು ತರುತ್ತಿದ್ದರು, ಯಾವುದಕ್ಕೆ ಸಿಟ್ಟಾಗುತ್ತಿದ್ದರು, ಸಾಲ ಕೇಳಿದವರಿಗೆ ಏನು ಹೇಳುತ್ತಿದ್ದರು, ಮಗಳು ಹುಟ್ಟಿದ ದಿನ ಕೆಲಸದ ಜಾಗಕ್ಕೆ ಬಂದು ಏನು ಮಾಡಿದರು ಎಂದು ಕೇಳಿ. ನಮ್ಮ ಮಂಡ್ಯ ಸೀಮೆಯಲ್ಲಿ, ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ ಹತ್ತನೆಯ ಶತಮಾನದ ಕಲ್ಲೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಡುಹಂದಿಯೊಡನೆ ಕಾದಾಡಿ ಸತ್ತ ಒಂದು ಬೇಟೆನಾಯಿಯ ನೆನಪಿಗೆ ಅದನ್ನು ನಿಲ್ಲಿಸಿದರು. ನಾಯಿಯ ಹೆಸರು ಕಾಳಿ ಎಂಬುದೂ, ಅದು ಹೇಗೆ ಸತ್ತಿತೆಂಬುದೂ ಸಾವಿರ ವರ್ಷದ ಮೇಲೆ ನಮಗೆ ಗೊತ್ತಿರುವುದು ಕಲ್ಲಿನಲ್ಲಿ ಬರೀ ಹೊಗಳಿಕೆಯನ್ನಷ್ಟೇ ಬರೆಸದೆ ನಡೆದದ್ದನ್ನು ಬರೆಸಿದ್ದರಿಂದ. ಮಕ್ಕಳಿಗಾಗಿ ಬರೆಯುವವರೂ ಹಾಗೆಯೇ ಬರೆಯಬೇಕೆಂದು ನನ್ನ ಅಭಿಪ್ರಾಯ.

ಮನೆಯವರನ್ನು ಕೊನೆಗೆ ಕೇಳಿದರೂ ನಡೆಯುತ್ತದೆ. ಮೊದಲು ಕೆಲಸದ ಜೊತೆಗಾರರು, ಬಾಲ್ಯದ ಗೆಳೆಯರು, ಚಹಾದಂಗಡಿಯವರು, ಶಾಲೆಯ ಮೇಷ್ಟ್ರು ಇವರನ್ನು ಕಾಣಿರಿ, ಏಕೆಂದರೆ ಅವರು ವರ್ಗವಾಗಿ, ನಿವೃತ್ತರಾಗಿ, ಊರು ಬಿಟ್ಟು ಚದುರಿಹೋಗುತ್ತಾರೆ. ಅವರ ಒಪ್ಪಿಗೆ ಪಡೆದು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ, ಅದೇ ರಾತ್ರಿ ಕೇಳಿಸಿಕೊಂಡು ಅವರ ಮಾತನ್ನು ತಿದ್ದದೆ ನೋಟ್‌ಬುಕ್ಕಿಗೆ ಇಳಿಸಿ. ಅಣ್ಣ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ. ಅವನಿಗೆ ಬೆಳಗಿನ ಪಾಳಿ ತಪ್ಪಿ ಎರಡನೇ ಪಾಳಿ ಬಂದದ್ದು ನಮಗೆ ಗೊತ್ತಿತ್ತು. ಮಗಳ ಜಡೆ ಹೆಣೆದು ಶಾಲೆಗೆ ಬಿಟ್ಟು ಬರುವುದಕ್ಕಾಗಿ ಅವನೇ ಅದನ್ನು ಕೇಳಿ ಪಡೆದನೆಂಬುದನ್ನು ಜೊತೆಗಾರರೊಬ್ಬರು ಹೇಳಬೇಕಾಯಿತು. ಗ್ರೀಸ್ ಉಗುರಿನಲ್ಲಿ ಉಳಿದರೆ ಮಗಳ ರಿಬ್ಬನ್ನಿಗೆ ಹತ್ತುತ್ತದೆಂದು ಅವನು ರಾತ್ರಿ ಹೊರಡುವ ಮುನ್ನ ಸೀಮೆಎಣ್ಣೆಯಲ್ಲಿ ಕೈ ತಿಕ್ಕಿ, ಆಮೇಲೆ ಸಾಬೂನು ಹಾಕಿ ತೊಳೆಯುತ್ತಿದ್ದನಂತೆ. ಈ ವಾಕ್ಯವನ್ನು ನೋಟ್‌ಬುಕ್ಕಿನಲ್ಲಿ ಬರೆಯುವಾಗ ನನ್ನ ಕೈ ನಡುಗಿತು.

ಅವರ ದೋಷಗಳನ್ನೂ ಬರೆಯಿರಿ. ಅಣ್ಣ ಮುಂಗೋಪಿ, ಎದೆನೋವನ್ನು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕಿದವನು. ತಪ್ಪೇ ಇಲ್ಲದ ಅಪ್ಪನ ಎದುರು ಬೆಳೆಯುವ ಮಗು ತನ್ನ ಪ್ರತಿ ತಪ್ಪಿಗೂ ಕುಗ್ಗುತ್ತದೆ. ಹಾಗೆಯೇ ಚಿಕ್ಕ ಮಕ್ಕಳಿಗೆ "ಅಪ್ಪ ಊರಿಗೆ ಹೋಗಿದ್ದಾರೆ", "ಮಲಗಿದ್ದಾರೆ" ಎಂದು ಹೇಳಬಾರದು; ಅವರು ಬಾಗಿಲು ಕಾಯುತ್ತಾರೆ, ಇಲ್ಲವೆ ಮಲಗಲು ಹೆದರುತ್ತಾರೆ. ಅಪ್ಪ ಸತ್ತುಹೋದರು, ಸತ್ತವರು ಮತ್ತೆ ಬರುವುದಿಲ್ಲ ಎಂದು ಮೆಲ್ಲಗೆ, ನೇರವಾಗಿ ಹೇಳಬೇಕು, ಕೇಳಿದಷ್ಟು ಸಲವೂ ಹೇಳಬೇಕು. ಗಂಡುಮಗುವಿಗೆ "ಇನ್ನು ಮನೆಗೆ ನೀನೇ ಯಜಮಾನ" ಎನ್ನುವ ಬಂಧುಗಳನ್ನು ವಿನಯದಿಂದಲೇ ತಡೆಯಿರಿ. ಎರಡು ವರ್ಷದ ಹುಡುಗನ ತಲೆಯ ಮೇಲೆ ಕೈಯಿಟ್ಟು ಹಾಗೆಂದವರು ನಮ್ಮಲ್ಲಿಯೂ ಇದ್ದರು.

ನೋಟ್‌ಬುಕ್ಕನ್ನು ಕಪಾಟಿನಲ್ಲಿ ಬೀಗ ಹಾಕಿಡದೆ ವರ್ಷಕ್ಕೊಮ್ಮೆಯಾದರೂ ತೆರೆಯಿರಿ. ನಮ್ಮ ಕಡೆ ಭಾದ್ರಪದದ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ದಿನವೇ ಅದಕ್ಕೆ ತಕ್ಕ ಹೊತ್ತು. ಬೇರೆ ಪದ್ಧತಿಯ ಮನೆಯವರು ಹುಟ್ಟಿದ ದಿನವನ್ನು ಆರಿಸಿಕೊಳ್ಳಬಹುದು. ಅಣ್ಣನಿಗೆ ಒಬ್ಬಟ್ಟು ಪ್ರಾಣವೆಂದು ಅವ್ವ ಪ್ರತಿ ವರ್ಷ ಎಡೆಗೆ ಅದನ್ನೇ ಮಾಡುತ್ತಿದ್ದಳು. ಡಿಪೋದ ಜೊತೆಗಾರರು ಹೇಳಿದ್ದು ಬೇರೆ: ಡಬ್ಬಿಯ ಒಬ್ಬಟ್ಟನ್ನು ಅವರಿಗೆ ಕೊಟ್ಟು, ಅವರ ಮನೆಯ ಹುರುಳಿಕಾಳಿನ ಉಪ್ಸಾರು ಮುದ್ದೆಯನ್ನು ಅವನು ಉಣ್ಣುತ್ತಿದ್ದನಂತೆ, ಸಂಜೆ ಅವ್ವನ ಮುಂದೆ "ಚೆನ್ನಾಗಿತ್ತು" ಎನ್ನುತ್ತಿದ್ದನಂತೆ. ಅದನ್ನು ಓದಿದ ದಿನ ಅವ್ವ ಅತ್ತಳು, ಅತ್ತು ಮುಗಿಸಿ ಒಲೆಯ ಮೇಲೆ ಹುರುಳಿ ಬೇಯಲು ಇಟ್ಟಳು. ಈಗ ಎಡೆಯಲ್ಲಿ ಎರಡೂ ಇರುತ್ತವೆ. ಉಪ್ಸಾರಿನ ಖಾರ ಅರೆಯುವವಳು ಅಣ್ಣನ ಮಗಳು.