ಚಾಂಪಿಯನ್ ಬಾಕ್ಸರ್‌ನ ಕಾಲ ಮುಗಿಯಿತೇ? ಕಾಲು ನೋಡಿ ಹೇಳಿ

ಬಾಕ್ಸರ್ ಒಬ್ಬ ಸೋತ ರಾತ್ರಿಯೇ ‘ಇವನ ಕತೆ ಮುಗೀತು’ ಅನ್ನುವವರಿಗೆ ಲೆಕ್ಕವಿಲ್ಲ. ಮುಂದಿನ ಪಂದ್ಯ ಗೆದ್ದನೋ, ಅದೇ ಬಾಯಿ ‘ಇನ್ನೂ ಐದು ವರ್ಷ ಇವನದೇ’ ಅನ್ನುತ್ತದೆ. ಎರಡೂ ಸಲ ಅವರು ನೋಡಿದ್ದು ಫಲಿತಾಂಶವನ್ನು, ಆಟವನ್ನಲ್ಲ. ಕ್ರಿಕೆಟ್‌ನಲ್ಲಿ ಫಾರ್ಮ್ ಹೋದರೆ ರನ್ ಬರುವುದಿಲ್ಲ, ಅಷ್ಟೇ. ಇಲ್ಲಿ ಪೆಟ್ಟು ತಲೆಗೇ ಬೀಳುತ್ತದೆ. ಹಾಗಾಗಿ ಸರಿಯಾಗಿ ನೋಡುವುದನ್ನು ಕಲಿಯೋಣ.

ಹಂತ 1: ವಯಸ್ಸು ಪಕ್ಕಕ್ಕಿಡಿ

ಜಾರ್ಜ್ ಫೋರ್‌ಮನ್ 1994ರಲ್ಲಿ ಮೈಕಲ್ ಮೂರರ್ ಅವರನ್ನು ಹತ್ತನೇ ರೌಂಡಿನಲ್ಲಿ ಮಲಗಿಸಿ ಹೆವಿವೇಟ್ ಪಟ್ಟ ಗೆದ್ದಾಗ ಅವರಿಗೆ 45 ವರ್ಷ. ನಮ್ಮ ಮೇರಿ ಕೋಮ್ 2018ರಲ್ಲಿ ದೆಹಲಿಯಲ್ಲಿ ಆರನೇ ವಿಶ್ವ ಚಿನ್ನ ಗೆದ್ದಾಗ ಅವರಿಗೂ 35ರ ಆಸುಪಾಸು. ಹುಟ್ಟಿದ ತಾರೀಕೊಂದೇ ಸಾಲದು.

ಹಂತ 2: ಮೈಕಟ್ಟಿಗೆ ಮರುಳಾಗಬೇಡಿ

1980ರ ಅಕ್ಟೋಬರ್ 2ರಂದು ಲಾಸ್ ವೇಗಸ್‌ನಲ್ಲಿ ಲ್ಯಾರಿ ಹೋಮ್ಸ್ ಎದುರು ಇಳಿದಾಗ ಮುಹಮ್ಮದ್ ಅಲಿ ಅವರ ತೂಕ 217.5 ಪೌಂಡ್. ಆರು ವರ್ಷ ಹಿಂದೆ ಕಿನ್ಶಾಸಾದಲ್ಲಿ ಫೋರ್‌ಮನ್ ಅವರನ್ನು ಸೋಲಿಸಿದಾಗ ಇದ್ದದ್ದು 216.5. ಹೊಟ್ಟೆ ಕರಗಿತ್ತು, ಕೂದಲಿಗೆ ಕಪ್ಪು ಬಣ್ಣ ಹಚ್ಚಿದ್ದರು. ಹಳೆಯ ಅಲಿಯೇ ಎದ್ದು ಬಂದ ಹಾಗಿತ್ತು. ತೂಕ ಇಳಿಸುವ ಥೈರಾಯ್ಡ್ ಮಾತ್ರೆ ತಗೊಳ್ಳುತ್ತಿದ್ದರು ಅನ್ನುವುದು ಆಮೇಲೆ ಗೊತ್ತಾಯಿತು. ಆ ರಾತ್ರಿ ಒಂದು ರೌಂಡೂ ಅವರಿಗೆ ದಕ್ಕಲಿಲ್ಲ.

ಇದೇ ಕಾರಣಕ್ಕೆ ತರಬೇತಿಯ ರೀಲ್ಸ್ ನೋಡಿ ತೀರ್ಮಾನ ಮಾಡಬೇಡಿ. ನನ್ನ ಅಣ್ಣನ ಮಗ ಪ್ರತಿ ವಾರ ಒಂದನ್ನು ಕಳಿಸಿ ‘ಎಂಥಾ ಸ್ಪೀಡ್ ನೋಡಿ ಚಿಕ್ಕಪ್ಪ’ ಅನ್ನುತ್ತಾನೆ. ಕೋಚ್ ಎಲ್ಲಿ ಪ್ಯಾಡ್ ಹಿಡಿಯುತ್ತಾರೆ ಅನ್ನುವುದು ಬಾಕ್ಸರ್‌ಗೆ ಮೊದಲೇ ಗೊತ್ತಿರುತ್ತದೆ. ಪ್ಯಾಡ್ ತಿರುಗಿ ಹೊಡೆಯುವುದೂ ಇಲ್ಲ. ಬೆಟ್ಟಿಂಗ್ ಆ್ಯಪ್‌ಗಳ ‘ಪರಿಣತರ ಟಿಪ್ಸ್’ ಅಂತೂ ಮುಟ್ಟಲೇಬೇಡಿ.

ಹಂತ 3: ಎರಡು ಪಂದ್ಯ, ಸದ್ದು ಬಂದ್

ಎಲ್ಲರೂ ಎಡವುವುದು ಇಲ್ಲೇ, ಸಮಯ ಕೊಡಿ. ಒಬ್ಬನದೇ ಎರಡು ಪೂರ್ತಿ ಪಂದ್ಯ ಆರಿಸಿಕೊಳ್ಳಿ. ಒಂದು ಅವನ ಒಳ್ಳೆಯ ದಿನಗಳದ್ದು, ಇನ್ನೊಂದು ಇತ್ತೀಚಿನದು. ಹೈಲೈಟ್ಸ್ ಬೇಡವೇ ಬೇಡ. ಅದರಲ್ಲಿ ಬಿದ್ದ ಪಂಚ್ ಮಾತ್ರ ಇರುತ್ತದೆ, ಹೊಡೆಯಬೇಕಿದ್ದಾಗ ಹೊಡೆಯದೆ ನಿಂತ ಗಳಿಗೆ ಇರುವುದಿಲ್ಲ. ನಮಗೆ ಬೇಕಿರುವುದು ಅದೇ. ಟಿವಿ ಸದ್ದು ಪೂರ್ತಿ ನಿಲ್ಲಿಸಿ. ಕಾಮೆಂಟರಿಯವರಿಗೆ ದೊಡ್ಡ ಹೆಸರಿನ ಮೇಲೆ ಪ್ರೀತಿ ಜಾಸ್ತಿ. ಗಾಳಿಗೆ ಹೋದ ಪಂಚನ್ನೂ ಹೊಗಳುತ್ತಾರೆ.

ಮೊದಲ ಸಲ ನೋಡುವಾಗ ಸೊಂಟದಿಂದ ಕೆಳಗೆ ಮಾತ್ರ ನೋಡಿ. ಪಂಚ್ ಹೊಡೆದ ಮೇಲೆ ಕಾಲು ಏನು ಮಾಡುತ್ತದೆ? ಉತ್ತುಂಗದಲ್ಲಿರುವವನು ಹೊಡೆದ ಕೂಡಲೇ ಪಕ್ಕಕ್ಕೆ ಎರಡು ಹೆಜ್ಜೆ ಜರುಗಿರುತ್ತಾನೆ. ಇಳಿಮುಖದವನು ಹೊಡೆದ ಜಾಗದಲ್ಲೇ ಒಂದು ಕ್ಷಣ ನಿಲ್ಲುತ್ತಾನೆ, ಆಮೇಲೆ ಎದುರಾಳಿಯನ್ನು ತಬ್ಬಿಕೊಳ್ಳುತ್ತಾನೆ. ಪಾದ ಅಕ್ಕಪಕ್ಕ ಒಂದೇ ಸಾಲಿಗೆ ಬಂದು, ಎದೆ ಪೂರ್ತಿ ಎದುರಾಳಿಯ ಕಡೆ ತೆರೆದುಕೊಂಡಿರುತ್ತದೆ. ಪ್ರತಿ ರೌಂಡಿನಲ್ಲೂ ಎಷ್ಟು ಸಲ ಹೀಗಾಯಿತು ಅಂತ ನೋಟ್‌ಬುಕ್‌ನಲ್ಲಿ ಗೀಟು ಹಾಕಿ. ನಾನು ಇವತ್ತಿಗೂ ಪೆನ್ಸಿಲ್ ಹಿಡಿದೇ ಕೂರುವುದು.

ಅಲಿ ಅವರದೇ ಎರಡು ಪಂದ್ಯ ಹೇಳುತ್ತೇನೆ. 1966ರಲ್ಲಿ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್ ಎದುರಿನದು, 1977ರಲ್ಲಿ ಅರ್ನಿ ಶೇವರ್ಸ್ ಎದುರಿನದು. ಮೊದಲನೆಯದರಲ್ಲಿ ಅಲಿ ಎಲ್ಲಿದ್ದಾರೆ ಅಂತ ವಿಲಿಯಮ್ಸ್‌ಗೆ ತಿಳಿಯುವ ಹೊತ್ತಿಗೆ ಪೆಟ್ಟು ಬಿದ್ದಾಗಿರುತ್ತದೆ. ಎರಡನೆಯದರಲ್ಲಿ ಹಗ್ಗಕ್ಕೆ ಒರಗಿ, ಅಪ್ಪಿ ಹಿಡಿದು, ಶೇವರ್ಸ್ ಅವರ ಭಾರೀ ಬಲಗೈ ತಿಂದು ಹದಿನೈದು ರೌಂಡ್ ದಾಟಿಸುತ್ತಾರೆ. ತೀರ್ಪುಗಾರರ ಅಂಕದ ಕಾರ್ಡಿನಲ್ಲಿ ಗೆದ್ದದ್ದು ಅಲಿಯೇ. ಆದರೆ ವರ್ಷಗಟ್ಟಲೆ ಜೊತೆಗಿದ್ದ ವೈದ್ಯ ಫರ್ಡಿ ಪಚೆಕೊ ಆ ಗೆಲುವಿನ ನಂತರವೇ ತಂಡ ಬಿಟ್ಟು ಹೋದರು. ಗೆದ್ದ ಪಂದ್ಯದಲ್ಲೇ ಇಳಿತ ಕಾಣುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ನನಗೆ ಬೇಡ.

ಹಗ್ಗಕ್ಕೆ ಒರಗಿದ್ದೆಲ್ಲ ಸುಸ್ತು ಅಲ್ಲ. ಕಿನ್ಶಾಸಾದಲ್ಲಿ ಅದು ಅಲಿ ಅವರ ಉಪಾಯವೇ ಆಗಿತ್ತು. ಹಗ್ಗದಿಂದ ಹೊರಗೆ ಬರುವಾಗ ಹೊಡೆಯುತ್ತಾ ಬಂದರೆ ಉಪಾಯ, ತಬ್ಬಿಕೊಂಡು ಬಂದರೆ ಅನಿವಾರ್ಯ.

ಎರಡನೇ ಸಲ ತಲೆ ಮತ್ತು ಕೈ ನೋಡಿ. ಕೈ ಕೆಳಗಿಟ್ಟು, ತಲೆ ಹಿಂದಕ್ಕೆ ಎಳೆದು ಪಂಚ್ ತಪ್ಪಿಸುವ ಬಾಕ್ಸರ್ ಮೊದಲು ಒಂದು ಇಂಚಿನಲ್ಲಿ ಬಚಾವಾಗುತ್ತಿದ್ದ. ಅದೇ ಎಳೆತ, ಅದೇ ಭಂಗಿ, ಆದರೆ ಈಗ ಗ್ಲೌಸ್ ಗಲ್ಲಕ್ಕೆ ಸವರುತ್ತಿದೆ. ಕಣ್ಣಿಗೆ ಪಂಚ್ ಕಾಣುತ್ತದೆ, ಮೈ ಮಾತು ಕೇಳುವುದಿಲ್ಲ. ಚುರುಕನ್ನೇ ನಂಬಿದವರು ಒಮ್ಮೆಲೇ ಕುಸಿಯುವುದು ಹೀಗೆ. ರಾಯ್ ಜೋನ್ಸ್ ಜೂನಿಯರ್ 2003ರ ಮಾರ್ಚ್‌ನಲ್ಲಿ ಹೆವಿವೇಟ್ ಪಟ್ಟ ಗೆದ್ದು, ಮತ್ತೆ ತೂಕ ಇಳಿಸಿ, ನವೆಂಬರ್‌ನಲ್ಲಿ ಆಂಟೋನಿಯೊ ಟಾರ್ವರ್ ಎದುರು ಕಷ್ಟಪಟ್ಟು ಗೆದ್ದರು. 2004ರ ಮೇನಲ್ಲಿ ಅದೇ ಟಾರ್ವರ್ ಅವರ ಎಡಗೈಗೆ ಎರಡನೇ ರೌಂಡಿನಲ್ಲೇ ಬಿದ್ದರು. ಜಗತ್ತಿಗೆ ಅದು ಆಘಾತ. ನವೆಂಬರ್ ಪಂದ್ಯವನ್ನು ಸದ್ದಿಲ್ಲದೆ ನೋಡಿ, ಸೂಚನೆ ಅಲ್ಲೇ ಇತ್ತು. ಫೋರ್‌ಮನ್ ಅವರ ಬಂಡವಾಳ ತೋಳಿನ ಬಲ. ಅದು ನಿಧಾನಕ್ಕೆ ಹೋಗುತ್ತದೆ. ಅದಕ್ಕೇ 45ರಲ್ಲೂ ನಡೆಯಿತು.

ಹಂತ 4: ಒಂದೇ ರಾತ್ರಿಗೆ ತೀರ್ಪು ಬೇಡ

ಲೆನಾಕ್ಸ್ ಲೂಯಿಸ್ 2001ರ ಏಪ್ರಿಲ್‌ನಲ್ಲಿ ಹಸೀಮ್ ರಹಮಾನ್ ಕೈಯಲ್ಲಿ ನಾಕೌಟ್ ಆದರು. ನವೆಂಬರ್‌ನಲ್ಲಿ ಅದೇ ರಹಮಾನ್ ಅವರನ್ನು ನಾಲ್ಕನೇ ರೌಂಡಿನಲ್ಲಿ ಮಲಗಿಸಿದರು, ಮರುವರ್ಷ ಮೈಕ್ ಟೈಸನ್ ಅವರನ್ನೂ. ಕಾಲು, ಕೈ ಎರಡರ ಗುರುತೂ ಬೇರೆ ಬೇರೆ ಎದುರಾಳಿಗಳ ಎದುರು ಕನಿಷ್ಠ ಎರಡು ಪಂದ್ಯದಲ್ಲಿ ಕಂಡರೆ ಮಾತ್ರ ಕಾಲ ಮುಗಿಯಿತು ಅಂತ ಹೇಳಿ.

ಹಂತ 5: ಕಾರ್ನರ್ ನೋಡಿ

ರೌಂಡ್ ನಡುವೆ ಬಾಕ್ಸರ್ ರಿಂಗಿನ ಮೂಲೆಯಲ್ಲಿ, ಅಂದರೆ ಕಾರ್ನರ್‌ನಲ್ಲಿ, ಕೂರುವ ಒಂದು ನಿಮಿಷ ಜಾಹೀರಾತು ಬಂದರೆ ಬೇಸರವಾಗುತ್ತದೆ ನನಗೆ. ಆ ನಿಮಿಷದಲ್ಲಿ ಬಾಕ್ಸರ್ ಕೋಚ್ ಮುಖ ನೋಡುತ್ತಿದ್ದಾನಾ, ಸುಮ್ನೆ ನೆಲ ನೋಡುತ್ತಿದ್ದಾನಾ? ಕೋಚ್ ಉಪಾಯ ಹೇಳುತ್ತಿದ್ದಾರಾ, ಬೇಡಿಕೊಳ್ಳುತ್ತಿದ್ದಾರಾ? ಹೋಮ್ಸ್ ಪಂದ್ಯದ ಹತ್ತನೇ ರೌಂಡ್ ಮುಗಿದಾಗ ಅಲಿ ಸ್ಟೂಲ್ ಮೇಲೆ ಕೂತಿದ್ದರು. ಕೋಚ್ ಆಂಜೆಲೊ ಡಂಡಿ ಇನ್ನು ಸಾಕು ಎಂದು ರೆಫರಿಗೆ ಹೇಳಿದರು. ಅಲಿ ಅವರ ಹಳೆಯ ಜೊತೆಗಾರ ಬಂಡಿನಿ ಬ್ರೌನ್ ಇನ್ನೊಂದು ರೌಂಡ್ ಕೊಡಿ ಎಂದು ಡಂಡಿ ಅವರ ಬಟ್ಟೆ ಹಿಡಿದು ಜಗ್ಗಿದರು. ಡಂಡಿ ಒಪ್ಪಲಿಲ್ಲ.